ಕಾಂಗ್ರೆಸ್ ಅಧ್ಯಕ್ಷ, ಹೈಕೋರ್ಟ್ ನ್ಯಾಯಮೂರ್ತಿ, ಕೊನೆಗೆ ಪ್ರತಿವಾದಿ
1897ರಲ್ಲಿ ಅಮರಾವತಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷ, 1908ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ, 1915ರಲ್ಲಿ ವೈಸರಾಯ್ ಮಂಡಳಿಯ ಸದಸ್ಯ. ಸರ್ ಸಿ. ಶಂಕರನ್ ನಾಯರ್ ಏರಿದ ಮೆಟ್ಟಿಲು ನೋಡಿದರೆ ಬ್ರಿಟಿಷರ ಕಡೆಯ ಮನುಷ್ಯ ಅನ್ನಿಸುವುದು ಸಹಜ. ಆದರೆ 1919ರಲ್ಲಿ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ನಂತರ ಪಂಜಾಬಿನ ದಬ್ಬಾಳಿಕೆ ಪ್ರತಿಭಟಿಸಿ ಆ ಕುರ್ಚಿಯನ್ನೇ ಬಿಟ್ಟರು. ಹಾಗಾದರೆ 1922ರಲ್ಲಿ ‘ಗಾಂಧಿ ಅಂಡ್ ಅನಾರ್ಕಿ’ ಬರೆದು ಅಸಹಕಾರ ಚಳವಳಿಯನ್ನು ಜಾಡಿಸಿದ್ದೇಕೆ? ಇದು ಎಡಬಿಡಂಗಿತನ ಅಂದವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಹಿಂದೂ ಧರ್ಮಕ್ಕೆ ಬಂದವರನ್ನು ಜಾತಿಯಿಂದ ಹೊರಗಿನವರೆನ್ನುವಂತಿಲ್ಲ ಎಂದು 1914ರಲ್ಲಿ ತೀರ್ಪು ಕೊಟ್ಟವರು ಅವರು. ಸಂಪ್ರದಾಯವಾಗಲಿ, ಸರ್ಕಾರವಾಗಲಿ, ಚಳವಳಿಯಾಗಲಿ, ಎಲ್ಲವನ್ನೂ ಕಾನೂನಿನ ಒಂದೇ ಅಳತೆಗೋಲಿನಲ್ಲಿ ಅಳೆದರು. ಕಾನೂನೇ ಆಳುವವರ ಕೈಯಲ್ಲಿದ್ದಾಗ ಆ ಅಳತೆಗೋಲು ಸಾಕೇ ಎಂಬ ಆಕ್ಷೇಪ ಮಾತ್ರ ಗಟ್ಟಿಯಾದದ್ದು.

ಅದರ ಪರೀಕ್ಷೆ ಲಂಡನ್ನಿನಲ್ಲಿ ನಡೆಯಿತು. ಗಾಂಧಿಯನ್ನು ಟೀಕಿಸಿದ ಅದೇ ಪುಸ್ತಕದಲ್ಲಿ ನಾಯರ್ ಪಂಜಾಬಿನ ಕ್ರೌರ್ಯಕ್ಕೆ ಮಾಜಿ ಲೆಫ್ಟಿನೆಂಟ್ ಗವರ್ನರ್ ಮೈಕೆಲ್ ಓಡ್ವಯರ್ ಹೊಣೆ ಎಂದಿದ್ದರು. ಓಡ್ವಯರ್ ಮಾನನಷ್ಟ ಮೊಕದ್ದಮೆ ಹೂಡಿದರು. ಪ್ರತಿವಾದಿ ನಾಯರ್. 1924ರಲ್ಲಿ ಐದು ವಾರ ವಿಚಾರಣೆ. ಜಲಿಯನ್‌ವಾಲಾ ಬಾಗ್‌ನಲ್ಲಿ ಗುಂಡು ಹಾರಿಸಲು ಆದೇಶಿಸಿದ ಜನರಲ್ ಡಯರ್ ಮಾಡಿದ್ದು ಸರಿ ಎಂದು ನ್ಯಾಯಮೂರ್ತಿ ಮೆಕಾರ್ಡಿ ಜ್ಯೂರಿಯ ಮುಂದೆಯೇ ಹೇಳಿಬಿಟ್ಟರು! ಕಾನೂನನ್ನು ನಂಬಿದವನಿಗೆ ಕಾನೂನಿನ ಮನೆಯಲ್ಲೇ ಸಿಕ್ಕ ನ್ಯಾಯ ಇದು. ಆದರೂ ಅವರ ನಂಬಿಕೆ ಪೂರ್ತಿ ಪೊಳ್ಳಾಗಲಿಲ್ಲ: ಪಂಜಾಬಿನ ಸಾಕ್ಷ್ಯಗಳು ಇಂಗ್ಲೆಂಡಿನ ಕೋರ್ಟಿನಲ್ಲಿ ದಾಖಲಾದವು. ನಾಯರ್ 500 ಪೌಂಡ್ ಪರಿಹಾರ ತೆರಬೇಕಾಯಿತು. ಜ್ಯೂರಿಯ ಹನ್ನೆರಡು ಸದಸ್ಯರಲ್ಲಿ ಹನ್ನೊಂದು ಮಂದಿ ಓಡ್ವಯರ್ ಪರ. ಒಪ್ಪದೆ ನಿಂತವರು ಒಬ್ಬರೇ, ರಾಜಕೀಯ ಚಿಂತಕ ಹೆರಾಲ್ಡ್ ಲಾಸ್ಕಿ.