ಆರು ಸಾವಿರದ ಊಟದಲ್ಲಿ ವೈನ್ ಎಷ್ಟು, ಮಾತು ಎಷ್ಟು?

ಭೀಮಾ ದಂಡೆಯ ದೇವಣಗಾಂವದಿಂದ ಇಂಡಿ, ವಿಜಯಪುರದ ಕಡೆ ಹೊರಟರೆ ಕಬ್ಬು, ತೊಗರಿ, ಲಿಂಬೆ ತೋಟಗಳು ಸಿಗುತ್ತವೆ. ಮುಂದೆ ಹೋದಂತೆ ದ್ರಾಕ್ಷಿ ಚಪ್ಪರಗಳು. ನಮ್ಮ ಜಿಲ್ಲೆಯ ದ್ರಾಕ್ಷಿ ಹೆಚ್ಚಾಗಿ ಮಣೂಕವಾಗಿಯೇ ಪೇಟೆಗೆ ಹೋಗುತ್ತದೆ. ಗೊಂಚಲುಗಳನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ನೆರಳಲ್ಲಿ ಜಾಳಿಗೆಯ ಮೇಲೆ ಎರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಒಣಗಿಸುತ್ತಾರೆ. ಸುಮಾರು 4 ಕಿಲೋ ಹಸಿ ಹಣ್ಣು ಒಣಗಿದರೆ 1 ಕಿಲೋ ಮಣೂಕ. ಅದೇ ಹಣ್ಣಿನ ಇನ್ನೊಂದು ದಾರಿ ವೈನ್. ಒಂದು ಬಾಟಲಿಗೆ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ಹಣ್ಣು ಸಾಕು.

ಈ ಸೀಮೆಯಿಂದ ಬೆಂಗಳೂರು, ಪುಣೆಗೆ ನೌಕರಿಗೆ ಹೋದ ಹುಡುಗ ಹುಡುಗಿಯರ ಮೊಬೈಲಿಗೆ ಈಗ ದೊಡ್ಡ ಹೋಟೆಲುಗಳ 'ವೈನ್‌ಮೇಕರ್ ಡಿನ್ನರ್' ಆಮಂತ್ರಣ ಬರುತ್ತಿದೆ. ವೈನ್ ತಯಾರಿಸಿದವರೇ ಬಂದು ಕೂಡುತ್ತಾರೆ, ನಾಲ್ಕೈದು ಬಗೆಯ ವೈನ್, ಒಂದೊಂದಕ್ಕೂ ಒಂದು ಖಾದ್ಯ. ಹೋಗಬೇಕೋ ಬೇಡವೋ ಎಂದು ತಿಂಗಳ ಸಂಬಳ ಎಣಿಸುವವರು ಕೇಳುವುದು ನ್ಯಾಯವೇ. ಕುಡಿಯದ ಮನೆತನಗಳೇ ನಮ್ಮಲ್ಲಿ ಹೆಚ್ಚು, ಅವರಿಗೆ ಈ ಪ್ರಶ್ನೆಯೇ ಇಲ್ಲ. ಕುಡಿಯುವವರಾದರೂ ಲೆಕ್ಕ ಹಾಕಿಯೇ ಹೋಗಬೇಕು.

ಟಿಕೆಟ್ಟು ಒಬ್ಬರಿಗೆ 6,000 ರೂಪಾಯಿ ಎಂದುಕೊಳ್ಳೋಣ. ಇಂಥ ಊಟದಲ್ಲಿ ಒಂದು ಸಲಕ್ಕೆ ಸುರಿಯುವುದು ಸುಮಾರು 75 ಮಿಲಿಲೀಟರ್. ಐದು ಬಗೆ ಸೇರಿದರೆ 375, ಅಂದರೆ ಸರಿಯಾಗಿ ಅರ್ಧ ಬಾಟಲಿ. ಅಂಗಡಿಯಲ್ಲಿ ಬಾಟಲಿಗೆ 1,600 ರೂಪಾಯಿಯ ವೈನ್ ಆದರೆ ನಿಮ್ಮ ಪಾಲಿಗೆ ಬಂದದ್ದು 800. ಹೋಟೆಲಿನವರು ದುಪ್ಪಟ್ಟು ಹಾಕುವುದು ಸಾಮಾನ್ಯ, 1,600 ಎನ್ನಿ. ಅದೇ ಹೋಟೆಲಿನಲ್ಲಿ ಐದು ಖಾದ್ಯದ ಊಟಕ್ಕೆ 2,500. ಕೋಣೆ ಬಾಡಿಗೆ 7,500 ದಾಟುವ ಹೋಟೆಲಾದರೆ ಊಟದ ಮೇಲೆ ಶೇ 18ರ ಜಿಎಸ್‌ಟಿ, 450. ವೈನ್ ಜಿಎಸ್‌ಟಿಯ ಹೊರಗಿದೆ, ಅದರ ತೆರಿಗೆ ರಾಜ್ಯದ್ದು. ಒಟ್ಟು 4,550 ಆಯಿತು. ಉಳಿದ 1,450 ರೂಪಾಯಿ ಏತಕ್ಕೆ?

ಆ 1,450 ಮಾತಿನ ಬೆಲೆ. ಇಡೀ ನಿರ್ಧಾರ ನಿಂತಿರುವುದು ಇದರ ಮೇಲೆಯೇ. ವೈನ್ ತಯಾರಿಸಿದವರು ನಿಜಕ್ಕೂ ನಿಮ್ಮ ಮೇಜಿಗೆ ಬಂದು ಕೂತು, ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಅದು ದುಬಾರಿಯಲ್ಲ. ಕಂಪನಿಯ ಮಾರಾಟ ವಿಭಾಗದವರು ಮೈಕ್ ಹಿಡಿದು ಹತ್ತು ನಿಮಿಷ ಬಾಟಲಿಯ ಚೀಟಿ ಓದಿ ಹೋದರೆ ಆ ಹಣ ನೀರುಪಾಲು. ಸೇವಾ ಶುಲ್ಕ ಬೇರೆ ಸೇರಿಸಿದ್ದರೆ ತೆಗೆಸಿ. ಅದು ಕಡ್ಡಾಯವಲ್ಲವೆಂದು ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. ಕುಡಿದ ಮೇಲೆ ಗಾಡಿ ಹೊಡೆಯುವಂತಿಲ್ಲ, ಹೀಗಾಗಿ ಟ್ಯಾಕ್ಸಿಯ ದುಡ್ಡೂ ಲೆಕ್ಕಕ್ಕೆ ಸೇರಬೇಕು.

ದ್ರಾಕ್ಷಿ ಬೆಳೆವ ಮನೆಯಿಂದ ಬಂದವರು ಇಂಥ ಮೇಜಿನಲ್ಲಿ ಅಳುಕಬೇಕಾಗಿಲ್ಲ. ಕೇಳಬೇಕಾದ ಪ್ರಶ್ನೆ ಅವರಿಗೆ ಗೊತ್ತು. ನಮ್ಮಲ್ಲಿ ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ: ಏಪ್ರಿಲ್ ಹೊತ್ತಿಗೆ ಒಂದು, ಅಕ್ಟೋಬರ್ ಹೊತ್ತಿಗೆ ಇನ್ನೊಂದು. ಹಣ್ಣು ಮಾತ್ರ ಒಂದೇ ಸಲ, ಜನವರಿಯಿಂದ ಮುಂದೆ. ಇಟಲಿ, ಫ್ರಾನ್ಸಿನಲ್ಲಿ ಚಳಿಗಾಲ ಬಳ್ಳಿಯನ್ನು ಮಲಗಿಸುತ್ತದೆ. ಇಲ್ಲಿ ಬಳ್ಳಿ ಮಲಗುವುದೇ ಇಲ್ಲ, ಕತ್ತರಿಯೇ ಅದರ ಕಾಲವನ್ನು ತೀರ್ಮಾನಿಸುತ್ತದೆ. ಈ ಬಳ್ಳಿಯನ್ನು ಯಾವಾಗ ಚಾಟ್ನಿ ಮಾಡಿದಿರಿ, ಗಿಡಕ್ಕೆ ಎಷ್ಟು ಗೊಂಚಲು ಬಿಟ್ಟಿರಿ, ಹಣ್ಣಿನ ಸಿಹಿ ಎಷ್ಟು ಬ್ರಿಕ್ಸ್‌ಗೆ ಬಂದಾಗ ಕೊಯ್ದಿರಿ ಎಂದು ಕೇಳಿ ನೋಡಿ. ನಮ್ಮ ಥಾಮ್ಸನ್ ಸೀಡ್‌ಲೆಸ್‌ಗೆ ಜಿಎ (ಜಿಬ್ಬರೆಲಿಕ್ ಆಮ್ಲ) ಕೊಟ್ಟು ಕಾಳು ದಪ್ಪ ಮಾಡುತ್ತೇವೆ. ವೈನಿನ ದ್ರಾಕ್ಷಿಗೆ ದಪ್ಪ ಕಾಳು ಬೇಕಿಲ್ಲ. ಸಣ್ಣ ಕಾಳು, ದಪ್ಪ ಸಿಪ್ಪೆ, ಒಳಗೆ ಬೀಜ. ಕೆಂಪು ವೈನಿನ ಬಣ್ಣ, ಒಗರು ಬರುವುದು ಸಿಪ್ಪೆಯಿಂದ. ಇದನ್ನು ಬಲ್ಲ ತಯಾರಕರು ಬಾಯಿ ತುಂಬ ಮಾತಾಡುತ್ತಾರೆ. ತಡವರಿಸಿದರೆ ನಿಮ್ಮೆದುರು ಕೂತವರು ಯಾರೆಂದು ನಿಮಗೇ ತಿಳಿಯುತ್ತದೆ.

ಅಂಥ ತಯಾರಕರು ನಮಗೆ ದೂರದವರಲ್ಲ. ನಂದಿ ಬೆಟ್ಟದ ಬದಿಯಲ್ಲಿ, ದೊಡ್ಡಬಳ್ಳಾಪುರದಲ್ಲಿ ಕನ್ವಲ್ ಗ್ರೋವರ್ 1988ರಲ್ಲಿ ವೈನ್ ಸಂಸ್ಥೆ ಶುರು ಮಾಡಿದರು. ಫ್ರಾನ್ಸಿನ ಹೆಸರಾಂತ ತಜ್ಞ ಮಿಷೆಲ್ ರೋಲಾ 1990ರ ದಶಕದಲ್ಲೇ ಅಲ್ಲಿಗೆ ಸಲಹೆಗಾರರಾದರು. ಸೊಲ್ಲಾಪುರ ಜಿಲ್ಲೆಯ ಅಕಲೂಜದಲ್ಲಿ ಫ್ರಾಟೆಲ್ಲಿ ವೈನ್ ಕಂಪನಿ ಇದೆ, ಅದರ ವೈನ್ ರೂಪಿಸಿದವರು ಟಸ್ಕನಿಯ ಪಿಯೆರೊ ಮಾಸಿ. ಅಕಲೂಜದ ನೀರಾ ನದಿ ಭೀಮೆಗೆ ಸೇರುತ್ತದೆ, ಆ ನೀರೇ ದೇವಣಗಾಂವದ ಸೇತುವೆಯ ಕೆಳಗೆ ಹರಿಯುತ್ತದೆ. ಹಂಪಿ ಬೆಟ್ಟಗಳ ಕಡೆ ಕೃಷ್ಮಾ ಎಂಬ ವೈನ್ ತೋಟವಿದೆ. ರಾಜ್ಯದ ವೈನ್ ನೀತಿ 2007ರಲ್ಲಿ ಬಂತು. ಆದರೂ ಬೆಳೆವವರ ಊರಿಗೂ ಕುಡಿವವರ ಮೇಜಿಗೂ ನಡುವಿನ ದೂರ ಕಡಿಮೆಯಾಗಿಲ್ಲ ಎನ್ನುವುದು ನನ್ನ ಕೊರಗು.

ಊಟದ ಪಟ್ಟಿಯನ್ನೂ ಮೊದಲೇ ನೋಡಿ. ಚೀಸು, ಪಾಸ್ತಾಕ್ಕೆ ವೈನ್ ಹೊಂದಿಸುವುದು ಕಷ್ಟವಲ್ಲ. ಖಾರದ ಎಣ್ಣೆಗಾಯಿ, ಶೇಂಗಾ ಹಿಂಡಿ, ಖಡಕ್ ರೊಟ್ಟಿಯ ಜೊತೆ ಒಗರಿನ ಕೆಂಪು ವೈನ್ ಇಟ್ಟರೆ ನಾಲಿಗೆ ಉರಿಯುತ್ತದೆ. ಮೆಣಸಿನಕಾಯಿ ಮದ್ಯದ ಕಾವನ್ನೂ ಒಗರಿನ ಕಹಿಯನ್ನೂ ಹೆಚ್ಚಿಸುತ್ತದೆ. ಅಲ್ಲಿಗೆ ತುಸು ಸಿಹಿಯಾದ, ತಂಪಾದ ಶೆನಿನ್ ಬ್ಲಾಂಕ್ ಬೇಕು. ನಮ್ಮ ಖಾರವನ್ನು ಎದುರಿಸಲು ಹೊರಟ ಬಾಣಸಿಗರ ಊಟಕ್ಕೆ ನಾನು ಹಣ ಕೊಡಲು ಸಿದ್ಧ.

ಕಾಯ್ದಿರಿಸುವ ಮುನ್ನ ಹೋಟೆಲಿಗೆ ಒಂದು ಫೋನ್ ಮಾಡಿ. ವೈನ್ ತಯಾರಿಸಿದವರೇ ಬರುತ್ತಾರಾ, ಎಷ್ಟು ಜನಕ್ಕೆ ಒಬ್ಬರು, ಒಂದೇ ವೈನಿನ ಬೇರೆ ಬೇರೆ ವರ್ಷಗಳ ಅಥವಾ ಅಂಗಡಿಯಲ್ಲಿ ಸಿಗದ ಬಾಟಲಿ ತೆರೆಯುತ್ತಾರಾ ಎಂದು ಕೇಳಿ. ಮೂರಕ್ಕೂ ನೇರ ಉತ್ತರ ಸಿಕ್ಕರೆ ವರ್ಷಕ್ಕೊಮ್ಮೆ ಹೋಗಿಬನ್ನಿ, 6,000 ಹೆಚ್ಚಲ್ಲ. ಸಿಗದಿದ್ದರೆ ಫೆಬ್ರುವರಿಯಲ್ಲಿ ಕೊಯ್ಲಿನ ಹೊತ್ತಿಗೆ ದೊಡ್ಡಬಳ್ಳಾಪುರದ ತೋಟಕ್ಕೇ ಹೋಗಿ. ಊರಲ್ಲಿ ಚಾಟ್ನಿ ಮಾಡುವ ಅಪ್ಪನನ್ನೋ ಕಾಕಾನನ್ನೋ ಜೊತೆಗೆ ಕರೆದುಕೊಂಡು ಹೋಗಿ.