ಊಟದ ಮನೆಯಲ್ಲಿ ದ್ರಾಕ್ಷಾಮದ್ಯದ ಪರೀಕ್ಷೆ

ದೊಡ್ಡಬಳ್ಳಾಪುರದ ಸೀಮೆಯಲ್ಲಿ ವೈನಿಗೋಸ್ಕರ ದ್ರಾಕ್ಷಿಯನ್ನು ಬೆಳೆಯುವ ಭೂಮಾಲೀಕರಲ್ಲಿ ಅನೇಕರು ಆ ವೈನಿನ ರುಚಿಯನ್ನೇ ಅರಿಯರು. ಕಳೆದ ಮಾರ್ಚಿ ತಿಂಗಳಲ್ಲಿ ಅಂತಹ ಮಿತ್ರರೊಬ್ಬರ ಮನೆಯಲ್ಲಿ ನಾವು ನಾಲ್ವರು ರಾತ್ರಿಯ ಊಟಕ್ಕೆ ಸೇರಿದ್ದಾಗ ಎರಡು ಸೀಸೆಗಳನ್ನು ತೆರೆಯಲಾಯಿತು. ಒಂದು ಬೆಂಗಳೂರು ನೀಲಿ ದ್ರಾಕ್ಷಿಯದು. ಲೋಟವನ್ನು ಮೂಗಿನ ಬಳಿಗೆ ತಂದೊಡನೆಯೇ ಹಣ್ಣಿನ ಗುರುತು ಸಿಕ್ಕಿತು. ಇನ್ನೊಂದು ಶಿರಾಜ್ ತಳಿಯದು, ಒಗರು. ಖಾರವಾದ ಕೋಳಿಸಾರಿನೊಡನೆ ಇದನ್ನು ಕುಡಿಯಲು ನಾಲಗೆಯು ಉರಿದುಹೋಯಿತು. ಮದ್ಯಸಾರವು ಖಾರವನ್ನು ಕೆರಳಿಸತಕ್ಕದ್ದು. ತೊವ್ವೆ ತುಪ್ಪದೊಡನೆ ಅದೇ ವೈನು ಹಿತವಾಯಿತು.

ಹಿಂದಿನ ವರ್ಷ ತಮ್ಮ ಶಿರಾಜಿಗೆ ಬೆಲೆ ಮುರಿದರೆಂದು ಆತಿಥೇಯರು ದೂರಿಕೊಂಡರು. ಮಳೆಗೆ ಅಂಜಿ ಬೇಗನೆ ಕೊಯ್ದಿದ್ದರಂತೆ. ಲೀಟರು ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆಯು ಹುದುಗಿದರೆ ನೂರಕ್ಕೆ 1 ಭಾಗ ಮದ್ಯಸಾರವಾಗುವುದು. ಸಕ್ಕರೆ ಸಾಲದ ಹಣ್ಣು ಹುಳಿಯಾದ ತೆಳು ವೈನನ್ನೇ ಕೊಡುವುದು. ಅವರು ಲೋಟವನ್ನು ಮತ್ತೊಮ್ಮೆ ಮೂಸಿ ಸುಮ್ಮನಾದರು.

ಮಾರನೆಯ ಬೆಳಿಗ್ಗೆ ಅವರ ತೋಟದ ಹಣ್ಣನ್ನು ರಿಫ್ರಾಕ್ಟೋಮೀಟರಿನಿಂದ ಪರೀಕ್ಷಿಸಲು ಸಕ್ಕರೆಯು ನೂರಕ್ಕೆ 19 ಭಾಗವಿದ್ದಿತು. 23ರ ವರೆಗಾದರೂ ಕಾಯಬೇಕೆಂದು ತಿಳಿಸಿದೆನು. ಮೂಡಲಲ್ಲಿ ಮೋಡವಿದ್ದಿತು. ಕೊಯ್ಲಿಗೆ ಬಂದಿದ್ದ ಆಳುಗಳನ್ನು ಅವರು ಹಿಂದಕ್ಕೆ ಕಳುಹಿಸಿದರು.