ಗಾಜಿನ ತೊಟ್ಟಿಯಲ್ಲೊಂದು ಹಳ್ಳ

ಮೀನೆಂದರೆ ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯವರಿಗೆ ಹೊಸದಾಗಿ ಪರಿಚಯ ಮಾಡಿಕೊಡಬೇಕಾದ ಜೀವಿಯಲ್ಲ. ಕಿವಿರನ್ನೆತ್ತಿ ಅದರ ಕೆಂಪನ್ನು ನೋಡಿದ ಮಾತ್ರಕ್ಕೆ ಮೀನು ಇಂದಿನದೋ ನಿನ್ನೆಯದೋ ಎಂದು ಹೇಳಬಲ್ಲ ಜನರಿರುವ ನಾಡು ಅದು. ಆದರೆ ಮೀನನ್ನು ಬುಟ್ಟಿಯಲ್ಲಲ್ಲ, ಬಾಣಲೆಯಲ್ಲಲ್ಲ, ಗಾಜಿನ ತೊಟ್ಟಿಯಲ್ಲಿಟ್ಟು, ಸಂಜೆಯ ಹೊತ್ತು ಅದರ ಮುಂದೆ ಕುಳಿತು ಸುಮ್ಮನೆ ನೋಡುವ ಹವ್ಯಾಸ ಬೇರೆಯೇ ಬಗೆಯದು. ಅಡುಗೆಮನೆಯೊಳಗೆ ಮೀನಿಗೆ ಪ್ರವೇಶವಿಲ್ಲದ ಮನೆಯ ಜಗಲಿಗೂ ಅದು ಈ ರೂಪದಲ್ಲಿ ಅತಿಥಿಯಾಗಿ ಬರಬಲ್ಲದು.

ದುರ್ದೈವವೆಂದರೆ, ಈ ಅತಿಥಿಯ ಬಾಳು ಬಹುಮಟ್ಟಿಗೆ ಅಲ್ಪಕಾಲದ್ದು. ಗೃಹಸ್ಥನು ಪೇಟೆಗೆ ಹೋಗಿ ತೊಟ್ಟಿ, ಬಣ್ಣದ ಹರಳು, ಪ್ಲಾಸ್ಟಿಕ್ಕಿನ ಗಿಡ, ಒಂದು ಡಜನ್ ಮೀನು ಎಲ್ಲವನ್ನೂ ಒಂದೇ ಸಲಕ್ಕೆ ತರುತ್ತಾನೆ. ಅಂದು ರಾತ್ರಿ ಮಕ್ಕಳಿಗೆ ನಿದ್ದೆಯಿಲ್ಲ. ಮೂರನೆಯ ದಿನ ನೀರು ಹಾಲಿನಂತೆ ಮಬ್ಬಾಗುತ್ತದೆ. ವಾರ ತುಂಬುವುದರೊಳಗೆ ಮೊದಲನೆಯ ಮೀನು ಮಗ್ಗುಲಾಗಿ ತೇಲುತ್ತದೆ. ತಿಂಗಳು ಕಳೆಯುವಾಗ ಬರಿದಾದ ತೊಟ್ಟಿ ಅಟ್ಟ ಸೇರುತ್ತದೆ. ಗೃಹಸ್ಥನು ಅಂಗಡಿಯವನನ್ನು ದೂರುತ್ತಾನೆ. ಅಂಗಡಿಯವನು ನೀರನ್ನು ದೂರುತ್ತಾನೆ. ನಿಜವೇನೆಂದರೆ, ತೊಟ್ಟಿಗೆ ನೀರು ತುಂಬಿತ್ತು, ಜೀವ ತುಂಬಿರಲಿಲ್ಲ. ಗಿಡ ನೆಟ್ಟ ಅಕ್ವೇರಿಯಂ ಒಂದು ಪಾತ್ರೆಯಲ್ಲ, ಒಂದು ಚಿಕ್ಕ ಹಳ್ಳ. ಹಳ್ಳವನ್ನು ಒಂದೇ ಸಂಜೆಯಲ್ಲಿ ಕೊಂಡುತರಲು ಸಾಧ್ಯವಿಲ್ಲ.

ಕಣ್ಣಿಗೆ ಕಾಣದ ಕೆಲಸಗಾರರು

ಈ ತತ್ತ್ವವನ್ನು ಮೊದಲು ಮನಗಾಣಿಸಿದವರಲ್ಲಿ ಲಂಡನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್ ಮುಖ್ಯನು. ಎರಡು ಸಣ್ಣ ಚಿನ್ನದ ಮೀನುಗಳನ್ನೂ ವ್ಯಾಲಿಸ್ನೇರಿಯಾ ಎಂಬ ನೀರುಗಿಡವನ್ನೂ ಒಂದೇ ಪಾತ್ರೆಯಲ್ಲಿಟ್ಟು ಅವನು ಪರೀಕ್ಷಿಸಿದನು. ಗಿಡದ ಎಲೆಗಳು ಕೊಳೆತು ನೀರು ಕದಡಿತು. ಆಗ ಕೆಲವು ಬಸವನಹುಳುಗಳನ್ನು ಬಿಟ್ಟನು. ಅವು ಕೊಳೆತುದನ್ನು ತಿಂದವು, ನೀರು ತಿಳಿಯಾಯಿತು. ಮೀನು, ಗಿಡ, ಹುಳು ಈ ಮೂರೂ ಪರಸ್ಪರರನ್ನು ಪೋಷಿಸಬಲ್ಲವೆಂಬುದನ್ನು ಅವನು 1850ರಲ್ಲಿ ವಿದ್ವಾಂಸರ ಮುಂದಿಟ್ಟನು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಗೃಹವೇ ತೆರೆಯಿತು.

ವಾರಿಂಗ್ಟನ್ನನ ಪಾತ್ರೆಯಲ್ಲಿ ಇನ್ನೊಂದು ವರ್ಗದ ಕೆಲಸಗಾರರೂ ಇದ್ದರು. ಅವರು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ಅಮೋನಿಯ ಹುಟ್ಟುತ್ತದೆ. ಅದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಸುತ್ತವೆ; ಅದೂ ವಿಷವೇ. ಮತ್ತೊಂದು ಬಗೆಯವು ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಅದು ಅಷ್ಟಾಗಿ ಬಾಧಿಸದು, ಗಿಡಗಳಿಗಂತೂ ಗೊಬ್ಬರ. ಈ ಕಾರ್ಯ ಸೂಕ್ಷ್ಮಜೀವಿಗಳದ್ದೆಂಬುದನ್ನು ರಷ್ಯದ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ತೋರಿಸಿಕೊಟ್ಟನು. ಹೊಸ ತೊಟ್ಟಿಯ ಮರಳಿನಲ್ಲೂ ಫಿಲ್ಟರಿನ ಸ್ಪಂಜಿನಲ್ಲೂ ಇವು ನೆಲೆಯೂರಿ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಮೊದಲನೆಯ ವಾರದ ಮೀನುಗಳ ಸಾವಿಗೆ ಕಾರಣ ಈ ಕಾಯುವಿಕೆಯನ್ನು ತಪ್ಪಿಸಿದುದೇ ಹೊರತು ಹಣೆಬರಹವಲ್ಲ.

ಚಿರೇಕಲ್ಲಿನ ಋಣ

ಮೊದಲು ಸ್ಥಳದ ಮಾತು. ಮೂರಡಿ ಉದ್ದ, ಒಂದೂಕಾಲು ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿಗೆ ಸುಮಾರು 130 ಲೀಟರ್ ನೀರು ಹಿಡಿಯುತ್ತದೆ. ಗಾಜು, ಮರಳು, ಕಲ್ಲು ಸೇರಿ ಭಾರ ಒಂದೂವರೆ ಕ್ವಿಂಟಲ್ ಮೀರುವುದು. ಆದುದರಿಂದ ಅಲುಗದ ಮೇಜು ಬೇಕು. ಕಿಟಕಿಯ ಬಿಸಿಲು ನೇರವಾಗಿ ಬೀಳುವೆಡೆ ಸಲ್ಲದು. ಅಲ್ಲಿ ಗಿಡಕ್ಕಿಂತ ಮೊದಲು ಪಾಚಿ ಹುಲುಸಾಗುತ್ತದೆ. ಚಿಕ್ಕ ತೊಟ್ಟಿಯೇ ಆರಂಭಕ್ಕೆ ಸುಲಭವೆಂಬ ನಂಬಿಕೆ ತಪ್ಪು. ನೀರು ಹೆಚ್ಚಿದ್ದಷ್ಟೂ ಅದರ ಗುಣ ನಿಧಾನವಾಗಿ ಬದಲಾಗುತ್ತದೆ, ತಪ್ಪನ್ನು ತಿದ್ದಿಕೊಳ್ಳಲು ಅವಕಾಶ ಸಿಗುತ್ತದೆ.

ತಳಕ್ಕೆ ಗೊಬ್ಬರ ಬೆರೆಸದ ಜರಡಿಯಾಡಿದ ಮಣ್ಣು ಒಂದಂಗುಲ. ಅದರ ಮೇಲೆ ಚೆನ್ನಾಗಿ ತೊಳೆದ ದಪ್ಪ ಮರಳು ಒಂದೂವರೆ ಅಂಗುಲ. ಸಮುದ್ರ ತೀರದ ಮರಳು ಕೈಗೆ ಸುಲಭವಾಗಿ ಸಿಗುವುದಾದರೂ ಅದನ್ನು ಮುಟ್ಟಬಾರದು. ಅದರಲ್ಲಿ ಉಪ್ಪಿದೆ, ಚಿಪ್ಪಿನ ಚೂರುಗಳಿಂದ ಸುಣ್ಣ ಕರಗಿ ನೀರು ಗಡಸಾಗುತ್ತದೆ. ಯಾವ ಮರಳಿನ ಮೇಲೇ ಆಗಲಿ ನಾಲ್ಕು ಹನಿ ವಿನೆಗರ್ ಹಾಕಿದಾಗ ನೊರೆಯೆದ್ದರೆ ಅದರಲ್ಲಿ ಸುಣ್ಣವಿದೆಯೆಂದು ತಿಳಿಯಬೇಕು.

ಇಲ್ಲಿ ಒಂದು ಕುತೂಹಲದ ಸಂಗತಿಯಿದೆ. 1980ರ ದಶಕದಲ್ಲಿ ಜರ್ಮನಿಯ ಹವ್ಯಾಸಿಗಳು ನೀರುಗಿಡಗಳ ಬೇರಿಗೆ ಕಬ್ಬಿಣದ ಅಂಶ ಒದಗಿಸಲೆಂದು ತೊಟ್ಟಿಯ ತಳಕ್ಕೆ ಲ್ಯಾಟರೈಟ್ ಪುಡಿಯನ್ನು ಬೆರೆಸುವುದನ್ನು ಪ್ರಚಾರಕ್ಕೆ ತಂದರು. ಅಂದವಾದ ಪೊಟ್ಟಣಗಳಲ್ಲಿ ಅದು ದೇಶದೇಶಗಳಲ್ಲಿ ಮಾರಾಟವಾಯಿತು. ಲ್ಯಾಟರೈಟ್ ಎಂದರೆ ಬೇರೇನೂ ಅಲ್ಲ, ಭಟ್ಕಳದಿಂದ ಕುಮಟೆಯವರೆಗೆ ಮನೆಮನೆಯ ಗೋಡೆಯಲ್ಲೂ ಬಾವಿಯ ಕಟ್ಟೆಯಲ್ಲೂ ಕಾಣುವ ಕೆಂಪು ಚಿರೇಕಲ್ಲು! ಆ ಹೆಸರನ್ನಿತ್ತವನು ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನಾನಂತರ ಕಂಪೆನಿ ಸರಕಾರದ ಆಜ್ಞೆಯಂತೆ ದಕ್ಷಿಣ ದೇಶವನ್ನು ಸುತ್ತಿದ ಅವನು 1801ರಲ್ಲಿ ಭಟ್ಕಳ, ಹೊನ್ನಾವರಗಳ ದಾರಿಯಾಗಿಯೇ ಉತ್ತರಕ್ಕೆ ನಡೆದನು. ಮಲಬಾರಿನ ಅಂಗಾಡಿಪುರಂನಲ್ಲಿ ಕಂಡ ಕಲ್ಲಿಗೆ 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟನು. ಮುಂದೆ ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡ ಅವನೇ ಗಂಗಾನದಿಯ ಮೀನುಗಳನ್ನು ಕುರಿತು 1822ರಲ್ಲಿ ಪುಸ್ತಕ ಪ್ರಕಟಿಸಿದನು. ಇಂದು ಜಗತ್ತಿನ ಅಕ್ವೇರಿಯಂಗಳಲ್ಲೆಲ್ಲ ಓಡಾಡುವ ಪಟ್ಟೆಪಟ್ಟೆಯ ಜೀಬ್ರಾ ಮೀನು, ಜೇನುಬಣ್ಣದ ಹನಿ ಗೌರಾಮಿ, ಕೆಂಪು ರೋಸಿ ಬಾರ್ಬ್ ಇವುಗಳ ಮೊದಲ ವೈಜ್ಞಾನಿಕ ವರ್ಣನೆ ಆ ಪುಸ್ತಕದಲ್ಲಿದೆ. ವಿದೇಶದ ಶೋಕಿಯೆಂದು ಭಾವಿಸಿ ಕೊಳ್ಳುವ ಪೆಟ್ಟಿಗೆಯಲ್ಲಿ ಸ್ವದೇಶದ ಸೊತ್ತೇ ಎಷ್ಟೊಂದಿದೆ!

ನೀರು, ಬೆಳಕು, ಮಳೆಗಾಲ

ಚಿರೇಕಲ್ಲಿನ ನೆಲದ ಬಾವಿನೀರು ಸಾಮಾನ್ಯವಾಗಿ ಮೆದುವಾದದ್ದು, ತುಸು ಹುಳಿಯ ಕಡೆಗೆ ವಾಲಿದ್ದು. ಉಷ್ಣವಲಯದ ಬಹುತೇಕ ಗಿಡಗಳಿಗೂ ಸಣ್ಣ ಮೀನುಗಳಿಗೂ ಅದು ಹಿತ. ಅಳಿವೆಗೆ ಸಮೀಪದ ಬಾವಿಗಳ ಮಾತು ಬೇರೆ. ಬೇಸಗೆಯಲ್ಲಿ ಹೊಳೆಯ ನೀರಿಳಿದು ಸಮುದ್ರದ ಉಪ್ಪು ಒಳನುಗ್ಗಿದಾಗ ಅವುಗಳ ನೀರು ಬಾಯಿಗೆ ಉಪ್ಪೆನಿಸುತ್ತದೆ. ಅಂಥ ನೀರು ತೊಟ್ಟಿಗೆ ಸಲ್ಲದು. ಕ್ಲೋರಿನ್ ಹಾಕಿದ ನಲ್ಲಿಯ ನೀರಾದರೆ ಒಂದು ದಿನ ಅಗಲಬಾಯಿಯ ಪಾತ್ರೆಯಲ್ಲಿ ತೆರೆದಿಟ್ಟು ಬಳಸಬೇಕು.

ಚಳಿದೇಶದ ಪುಸ್ತಕಗಳಲ್ಲಿ ನೀರು ಕಾಯಿಸುವ ಹೀಟರಿನ ಪ್ರಸ್ತಾಪ ತಪ್ಪದೆ ಬರುತ್ತದೆ. ಕರಾವಳಿಯಲ್ಲಿ ಅದಕ್ಕೆ ಕೆಲಸವೇ ಇಲ್ಲ. ಇಲ್ಲಿಯ ಸಮಸ್ಯೆ ಅದರ ವಿರುದ್ಧದ್ದು. 24ರಿಂದ 28 ಡಿಗ್ರಿ ಸೆಲ್ಸಿಯಸ್ ಸೊಗಸಾದ ಉಷ್ಣತೆ. ಏಪ್ರಿಲ್, ಮೇ ತಿಂಗಳಲ್ಲಿ ತೊಟ್ಟಿಯ ನೀರು 30 ದಾಟುವುದುಂಟು. ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಮೆ. ಆಗ ಮೇಲ್ಮೈಗೆ ಸಣ್ಣ ಫ್ಯಾನಿನ ಗಾಳಿ ಹಾಯಿಸಬಹುದು. ಮಳೆಗಾಲದಲ್ಲಿ ವಿದ್ಯುತ್ತು ಹೋದರೆ ಫಿಲ್ಟರ್ ನಿಲ್ಲುತ್ತದೆ. ಹಗಲು ಆಮ್ಲಜನಕ ಕೊಡುವ ಗಿಡಗಳೇ ಇರುಳಿನಲ್ಲಿ ಅದನ್ನು ಹೀರುತ್ತವೆ. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಚೊಂಬಿನಿಂದ ನೀರು ಮೊಗೆದು ಮೊಗೆದು ಮೇಲಿನಿಂದ ಹೊಯ್ಯಬೇಕು. ಎಲ್ಲಕ್ಕಿಂತ ದೊಡ್ಡ ರಕ್ಷೆಯೆಂದರೆ ಮೀನುಗಳ ಸಂಖ್ಯೆ ಮಿತವಾಗಿರುವುದು.

ಬೆಳಕು ದಿನಕ್ಕೆ ಆರರಿಂದ ಎಂಟು ಗಂಟೆ ಸಾಕು. ಜಪಾನಿನ ತಕಾಶಿ ಅಮಾನೊ ನೀರೊಳಗೆ ಕಾಡು, ಬೆಟ್ಟ, ಬಯಲುಗಳನ್ನೇ ನಿರ್ಮಿಸಿ ಈ ಹವ್ಯಾಸವನ್ನು ಕಲೆಯ ಮಟ್ಟಕ್ಕೇರಿಸಿದನು. ಪ್ರಖರ ದೀಪ, ಸಿಲಿಂಡರಿನ ಇಂಗಾಲಾಮ್ಲ ಅನಿಲ, ದಿನನಿತ್ಯದ ಕತ್ತರಿ ಕೆಲಸ ಇವೆಲ್ಲ ಆ ಮಾರ್ಗದಲ್ಲಿ ಬೇಕು. ಅಮೆರಿಕದ ಡಯಾನಾ ವಾಲ್‌ಸ್ಟಡ್ 1999ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇನ್ನೊಂದು ಮಾರ್ಗ ಹೇಳಿದಳು: ಸಾಧಾರಣ ಮಣ್ಣು, ಸಾಧಾರಣ ಬೆಳಕು, ತುಂಬ ಗಿಡ, ಕೆಲವೇ ಮೀನು. ಹೊಸಬರಿಗೆ, ಅದರಲ್ಲೂ ಮಿತವ್ಯಯದ ಸಂಸಾರಿಗೆ, ಎರಡನೆಯದೇ ರಾಜಮಾರ್ಗ.

ಗಿಡ ಮೊದಲು, ಮೀನು ಆಮೇಲೆ

ಗಿಡಗಳ ವಿಷಯದಲ್ಲಂತೂ ಪಶ್ಚಿಮ ಘಟ್ಟಗಳು ಜಗತ್ತಿಗೇ ಕೊಡುಗೈ. ಅಕ್ವೇರಿಯಂನ ರಾಣಿಯೆನಿಸಿದ ಕೆಂಪು ರೋಟಾಲಾ ಮಕ್ರಾಂಡ್ರಾ ಈ ಘಟ್ಟಗಳ ತವರಿನದು. ಲ್ಯಾಜನಾಂಡ್ರಾ ಮೀಬೋಲ್ಡಿ ಎಂಬ ಅಗಲ ಎಲೆಯ ಗಿಡವೂ ಇಲ್ಲಿಯದೇ. ಕ್ರಿಪ್ಟೊಕೊರೈನ್ ರೆಟ್ರೊಸ್ಪೈರಾಲಿಸ್ ಎಂಬುದು ಮಳೆಗಾಲದ ಪ್ರವಾಹದಲ್ಲಿ ಮುಳುಗಿ ಉದ್ದುದ್ದ ಎಲೆಗಳನ್ನು ಸೆಳವಿಗೊಡ್ಡಿ ಬದುಕುತ್ತದೆ; ನೀರಿಳಿದ ಮೇಲೆ ಹೂ ಬಿಡುತ್ತದೆ. ಆರಂಭಕ್ಕೆ ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಲಿಮ್ನೋಫಿಲಾ ಮುಂತಾದ ಬೇಗ ಬೆಳೆಯುವ ಗಿಡಗಳನ್ನು ಒತ್ತಾಗಿ ನೆಡುವುದು ಲೇಸು. ಅವು ನೀರಿನ ಹೆಚ್ಚುವರಿ ಸಾರವನ್ನು ಹೀರಿ ಪಾಚಿಯನ್ನು ಉಪವಾಸ ಕೆಡವುತ್ತವೆ. ನೆಟ್ಟ ಹೊಸತರಲ್ಲಿ ಕ್ರಿಪ್ಟೊಕೊರೈನ್ ಜಾತಿಯವು ಎಲೆಗಳನ್ನೆಲ್ಲ ಕರಗಿಸಿಕೊಂಡು ಸತ್ತಂತೆ ಕಾಣುತ್ತವೆ. ಗಾಬರಿಯಾಗಿ ಕೀಳಬಾರದು, ಬೇರು ಬದುಕಿರುತ್ತದೆ, ಕೆಲವು ವಾರಗಳಲ್ಲಿ ಹೊಸ ಚಿಗುರು ಬರುತ್ತದೆ.

ಐದಾರು ವಾರ ಕಳೆದು, ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗಿಳಿದುದನ್ನು ಪರೀಕ್ಷಾ ದ್ರಾವಣದಿಂದ ಖಚಿತಪಡಿಸಿಕೊಂಡ ಬಳಿಕ ಮೀನುಗಳ ಗೃಹಪ್ರವೇಶ. ಮೊದಲ ಕಂತಿನಲ್ಲಿ ಐದಾರು ಜೀಬ್ರಾ ಮೀನು ಸಾಕು. ಎರಡು ವಾರಗಳ ಮೇಲೆ ಒಂದೆರಡು ಹನಿ ಗೌರಾಮಿ ಬರಲಿ. ಘಟ್ಟದ ಹೊಳೆಗಳ ಮೆಲನ್ ಬಾರ್ಬ್ ಕೂಡ ಇಂಥ ತೊಟ್ಟಿಗೆ ಒಪ್ಪುತ್ತದೆ. ಮೈತುಂಬ ಹೊಳಪಿನ ಚುಕ್ಕೆಯಿರುವ ಪಾಂಚಾಕ್ಸ್ ಮೀನನ್ನು ತಂದರೆ ಮುಚ್ಚಳ ಭದ್ರವಾಗಿರಬೇಕು, ಅದು ನೆಗೆಯುವ ಜಾತಿ. ಮೀನಿದ್ದ ಚೀಲವನ್ನು ಹದಿನೈದು ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟು ಉಷ್ಣತೆ ಸಮನಾದ ಮೇಲೆಯೇ ಬಿಡಬೇಕು. ಆಹಾರ ಎರಡು ನಿಮಿಷದಲ್ಲಿ ಮುಗಿಯುವಷ್ಟೇ ಇರಲಿ. ವಾರಕ್ಕೊಮ್ಮೆ ಕಾಲು ಭಾಗದ ನೀರನ್ನು ಬದಲಿಸಬೇಕು. ತೆಗೆದ ನೀರು ತೆಂಗಿನ ಬುಡಕ್ಕೆ ಒಳ್ಳೆಯ ಗೊಬ್ಬರ.

ಹೊಳೆಗೆ ಹಿಂದಿರುಗಿಸದಿರಿ

ಇನ್ನು ಉಳಿದುದು ಎಲ್ಲಕ್ಕಿಂತ ಮುಖ್ಯವಾದ ಮಾತು. ಹೊಳೆಯಿಂದ ಕಲಿಯಬೇಕು, ಆದರೆ ಹೊಳೆಯಿಂದ ದೋಚಬಾರದು. ಸುಳ್ಯ, ಕಾಸರಗೋಡುಗಳ ಪಯಸ್ವಿನಿಯಲ್ಲೂ ಕೇರಳದ ನದಿಗಳಲ್ಲೂ ವಾಸಿಸುವ, ಕೆಂಪುಗೆರೆಯ ಡೆನಿಸನ್ ಬಾರ್ಬ್ ತನ್ನ ಚೆಲುವಿನಿಂದಲೇ ಸಂಕಟಕ್ಕೀಡಾಯಿತು. 'ಮಿಸ್ ಕೇರಳ' ಎಂಬ ಹೆಸರಿನಲ್ಲಿ ಪರದೇಶಗಳಿಗೆ ರಫ್ತಾಗಿ ಅಳಿವಿನಂಚಿಗೆ ಸರಿಯಿತು. ಕೊನೆಗೆ 2022ರ ತಿದ್ದುಪಡಿಯಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಅದನ್ನು ಸೇರಿಸಬೇಕಾಯಿತು.

ದೋಚುವುದಕ್ಕಿಂತಲೂ ಕೇಡಿನದು, ಕರುಣೆಯಿಂದ ಮಾಡುವ ಇನ್ನೊಂದು ತಪ್ಪು. ತೊಟ್ಟಿಯ ಗಾಜು ನೆಕ್ಕಿ ಶುಚಿಮಾಡುವುದೆಂದು ತಂದ ಸಕ್ಕರ್ ಮೀನು ಅಡಿಗೂ ಮಿಕ್ಕಿ ಬೆಳೆಯುತ್ತದೆ. ಕೊಲ್ಲಲು ಮನಸ್ಸು ಬಾರದ ಗೃಹಸ್ಥನು ಜೀವದಾನದ ಪುಣ್ಯವೆಂದು ಅದನ್ನು ಹೊಳೆಗೆ ಬಿಡುತ್ತಾನೆ. ದಕ್ಷಿಣ ಅಮೆರಿಕದ ಆ ಮೀನು ಈಗಾಗಲೇ ಭಾರತದ ಹಲವು ರಾಜ್ಯಗಳ ಕೆರೆನದಿಗಳಲ್ಲಿ ಬೀಡುಬಿಟ್ಟಿದೆ. 2018ರ ಮಹಾಪೂರದಲ್ಲಿ ಕೇರಳದ ಸಾಕುಕೊಳಗಳಿಂದ ತಪ್ಪಿಸಿಕೊಂಡ ಅರಪೈಮಾದಂತಹ ದೈತ್ಯ ಮೀನುಗಳು ಅಲ್ಲಿಯ ಬಲೆಗಳಿಗೆ ಬಿದ್ದವು. ಹೂವಿನ ಚೆಲುವಿಗೆ ಮರುಳಾಗಿ ತಂದ ನೀರು ಹಯಸಿಂತ್ ಎಷ್ಟು ಕೆರೆಗಳ ಉಸಿರು ಕಟ್ಟಿಸಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಶರಾವತಿಯ ಕಣಿವೆಯಲ್ಲಿ ಬಟಾಸಿಯೊ ಶರಾವತಿಯೆನ್ಸಿಸ್ ಎಂಬ ಬೆಕ್ಕುಮೀಸೆಯ ಮೀನು ವಿಜ್ಞಾನಕ್ಕೆ ಪರಿಚಯವಾದದ್ದು 2004ರಲ್ಲಿ. ನಾಗೋಡಿಯ ಹೆಸರನ್ನೂ ಶರಾವತಿಯ ಹೆಸರನ್ನೂ ಹೊತ್ತ ಎರಡು ಶಿಸ್ಟೂರಾ ಮೀನುಗಳು 2006ರಲ್ಲಿ. ಅಣೆಕಟ್ಟಿಲ್ಲದೆ ಕಡಲು ಸೇರುವ ಅಘನಾಶಿನಿಯ ಅಳಿವೆಗೆ 2024ರಲ್ಲಿ ರಾಮ್ಸಾರ್ ಮನ್ನಣೆ ಬಂದಿತು. ಬೆರಳುದ್ದದ ಆ ಮೀನುಗಳಿಗೆ ಈ ಕಣಿವೆಯ ಹೊರಗೆ ಓಡಿಹೋಗಲು ಬೇರೆ ನಾಡಿಲ್ಲ. ಅವುಗಳಲ್ಲಿ ಇನ್ನೂ ಹೆಸರಿಡದವು ಎಷ್ಟಿವೆಯೋ! ಆದುದರಿಂದ ಬೇಡವಾದ ಮೀನನ್ನು ಅಂಗಡಿಗೆ ಮರಳಿಸಬೇಕು, ಇಲ್ಲವೆ ಬೇರೊಬ್ಬ ಹವ್ಯಾಸಿಗೆ ಕೊಡಬೇಕು. ಕತ್ತರಿಸಿದ ಗಿಡವನ್ನು ಬಿಸಿಲಿಗೆ ಒಣಗಿಸಿ ತೋಟದ ಗೊಬ್ಬರದ ಗುಂಡಿಗೆ ಸೇರಿಸಬೇಕು.

ತೊಟ್ಟಿಯ ಮುಂದೆ ಕುಳಿತ ಮಗು ಮೀನಿನ ಬಣ್ಣವನ್ನಷ್ಟೇ ನೋಡಿದರೆ ಅದು ಒಂದು ಆಟಿಕೆ. ಮಣ್ಣಿನಿಂದ ಗಿಡ, ಗಿಡದಿಂದ ನೀರು, ನೀರಿನಿಂದ ಮೀನು ಎಂಬ ಸರಪಳಿ ಕಣ್ಣಿಗೆ ಬಿದ್ದರೆ ಅದೇ ಒಂದು ಪಾಠಶಾಲೆ. ಆ ಪಾಠವನ್ನು ಕಲಿತ ಮಗು ಮುಂದೊಂದು ದಿನ ಸೇತುವೆಯ ಮೇಲಿಂದ ಶರಾವತಿಯನ್ನು ನೋಡುವಾಗ, ಆ ಹರಿವಿನೊಳಗೂ ಒಂದು ಸಂಸಾರವಿದೆಯೆಂದು ನೆನೆಯದೆ ಇರಲಾರದು.